ಬಾಸ್ಟನ್ನಿನ ತಮಾಷೆ, ಜಗತ್ತಿನ ಒಪ್ಪಿಗೆ

1839ರ ಮಾರ್ಚ್ 23, ಶನಿವಾರ. ಅಮೆರಿಕದ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ ಎರಡನೇ ಪುಟದಲ್ಲಿ ಸಂಪಾದಕ ಚಾರ್ಲ್ಸ್ ಗಾರ್ಡನ್ ಗ್ರೀನ್ ಸಣ್ಣದೊಂದು ಟಿಪ್ಪಣಿ ಹಾಕಿದ. ನೆರೆಯೂರು ಪ್ರಾವಿಡೆನ್ಸಿನ ಪತ್ರಿಕೆಯ ಸಂಪಾದಕನ ಕಾಲೆಳೆಯುವ ಬರಹ ಅದು. ಗಂಟೆ ಬಾರಿಸುವ ಬಗ್ಗೆ ನಗರಾಡಳಿತ ಮಾಡಿದ್ದ ನಿಯಮವೊಂದನ್ನು ನೆಪ ಮಾಡಿಕೊಂಡು ಬಾಸ್ಟನ್ನಿನ ಕೆಲವು ವಿನೋದಪ್ರಿಯರು ಸಂಘ ಕಟ್ಟಿಕೊಂಡಿದ್ದರು. ಅವರ ಓಡಾಟದ ಸುತ್ತ ಎರಡು ಪತ್ರಿಕೆಗಳ ನಡುವೆ ಚೇಷ್ಟೆಯ ಮಾತು ನಡೆದಿತ್ತು. ಆ ಟಿಪ್ಪಣಿಯ ನಡುವೆ ಸಣ್ಣಕ್ಷರದಲ್ಲಿ ಓ, ಕೆ ಎಂಬ ಎರಡು ಅಕ್ಷರಗಳಿವೆ. ಓದುವವರಿಗೆ ತಿಳಿಯದೆ ಹೋದೀತೆಂದು ಪಕ್ಕದಲ್ಲೇ ‘ಆಲ್ ಕರೆಕ್ಟ್’, ಎಲ್ಲ ಸರಿಯಾಗಿದೆ ಎಂಬ ವಿವರಣೆ. ಇಂದು ಭೂಮಿಯ ಮೇಲೆ ಹೆಚ್ಚುಕಡಿಮೆ ಎಲ್ಲ ಭಾಷೆಗಳ ಬಾಯಲ್ಲೂ ಇರುವ ‘ಓಕೆ’ಯ ಜಾತಕ ಶುರುವಾಗುವುದು ಇಲ್ಲಿಂದ.

‘ಆಲ್’ ಇಂಗ್ಲಿಷಿನಲ್ಲಿ ಶುರುವಾಗುವುದು ಎ ಅಕ್ಷರದಿಂದ, ‘ಕರೆಕ್ಟ್’ ಸಿ ಅಕ್ಷರದಿಂದ. ಎರಡನ್ನೂ ಬೇಕೆಂದೇ ತಪ್ಪಾಗಿ, ಕಿವಿಗೆ ಕೇಳಿದಂತೆ ಬರೆದು, ಆ ತಪ್ಪು ಕಾಗುಣಿತದ ಮೊದಲಕ್ಷರಗಳನ್ನು ಎತ್ತಿಕೊಂಡರೆ ಓಕೆ. ಎಲ್ಲ ಸರಿಯಾಗಿದೆ ಎನ್ನುವ ಮಾತಿನಲ್ಲೇ ಎರಡು ತಪ್ಪುಗಳನ್ನು ಇಟ್ಟಿದ್ದು ಈ ತಮಾಷೆಯ ಹೂರಣ. ಬರೆದಂತೆ ಓದುವ ಕನ್ನಡದಲ್ಲಿ ಇಂಥ ನಗೆ ಹುಟ್ಟುವುದು ಕಷ್ಟ. ಬರಹಕ್ಕೂ ಉಚ್ಚಾರಕ್ಕೂ ಹೊಂದಿಕೆಯಿಲ್ಲದ ಇಂಗ್ಲಿಷಿನಲ್ಲಿ, ಹೊಸದಾಗಿ ಓದು ಕಲಿತವರು ಮಾಡುವ ತಪ್ಪುಗಳನ್ನು ಅಣಕಿಸಿ ನಗುವುದು ಆಗ ಪತ್ರಿಕೆಗಳ ದಿನನಿತ್ಯದ ಆಟವಾಗಿತ್ತು.

ಓಕೆ ಒಂಟಿಯಾಗಿ ಹುಟ್ಟಲಿಲ್ಲ ಎನ್ನುವುದು ಇಲ್ಲಿ ಬಹಳ ಮುಖ್ಯ. 1838ರ ಬೇಸಿಗೆಯಿಂದಲೇ ಬಾಸ್ಟನ್ ಪತ್ರಿಕೆಗಳಿಗೆ ಸಂಕ್ಷೇಪಗಳ ಹುಚ್ಚು ಹಿಡಿದಿತ್ತು. ‘ಆಲ್ ರೈಟ್’ ಎನ್ನುವುದನ್ನು ತಪ್ಪಾಗಿ ಬರೆದು ಓ.ಡಬ್ಲ್ಯು. ಎಂದರು. ಕೆಲಸ ಸಾಗುವುದಿಲ್ಲ ಎಂಬರ್ಥದ ‘ನೋ ಗೋ’ ಕೆ.ಜಿ. ಆಯಿತು, ಏನೂ ಪ್ರಯೋಜನವಿಲ್ಲ ಎನ್ನುವ ‘ನೋ ಯೂಸ್’ ಕೆ.ವೈ. ಆಯಿತು. ಸಾಲ ತೀರಿಸಲಾಗದೆ ಊರು ಬಿಟ್ಟವನಿಗೆ ಜಿ.ಟಿ. ಎಂಬ ಗುರುತು, ಟೆಕ್ಸಾಸಿಗೆ ಹೋದ ಎಂದು ಅದರ ಅರ್ಥ. ಇವೆಲ್ಲ ಒಂದೆರಡು ವರ್ಷ ಮೆರೆದು ಮಣ್ಣಾದವು. ಓಕೆಯೂ ಅವುಗಳ ಜೊತೆ ಹೋಗಬೇಕಾಗಿತ್ತು. ಅದನ್ನು ಉಳಿಸಿದ್ದು ಒಂದು ಚುನಾವಣೆ.

1840ರಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಎರಡನೇ ಅವಧಿಗೆ ಸ್ಪರ್ಧಿಸಿದ. ಅವನ ಹುಟ್ಟೂರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ಅಭಿಮಾನಿಗಳು ಅವನನ್ನು ‘ಓಲ್ಡ್ ಕಿಂಡರ್‌ಹುಕ್’ ಎಂದು ಕರೆದರು. ಮೊದಲಕ್ಷರಗಳು ತಾನಾಗಿ ಓ ಮತ್ತು ಕೆ. ಆ ವರ್ಷದ ಮಾರ್ಚಿನಲ್ಲಿ ನ್ಯೂಯಾರ್ಕ್ ನಗರದ ಡೆಮಾಕ್ರಾಟಿಕ್ ಕಾರ್ಯಕರ್ತರು ಓ.ಕೆ. ಕ್ಲಬ್ ಕಟ್ಟಿದರು. ಎದುರಾಳಿ ವಿಗ್ ಪಕ್ಷದ ಸಭೆಗೆ ಓಕೆ ಎಂದು ಕೂಗುತ್ತಾ ನುಗ್ಗಿ ಗಲಾಟೆ ಎಬ್ಬಿಸಿದರು. ನಮ್ಮವನು ಸರಿಯಾದವನು, ನಮ್ಮವನೇ ಓಕೆ ಎಂಬ ಎರಡು ಅರ್ಥ ಒಂದೇ ಕೂಗಿನಲ್ಲಿ. ಚುನಾವಣೆಯ ಘೋಷಣೆಗೆ ಇದಕ್ಕಿಂತ ಚುಟುಕಾದ ಮಾತು ಸಿಕ್ಕುವುದು ಅಪರೂಪ.

ವಿಗ್ ಪಕ್ಷದವರು ಸುಮ್ಮನಿರಲಿಲ್ಲ. 1837ರಲ್ಲಿ ಬ್ಯಾಂಕುಗಳು ಕುಸಿದು ದೇಶ ಕಂಗಾಲಾಗಿತ್ತು, ಜನ ಅದರ ಹೊಣೆಯನ್ನು ವ್ಯಾನ್ ಬ್ಯೂರೆನ್ನನ ತಲೆಗೆ ಕಟ್ಟಿದ್ದರು. ಅದನ್ನೇ ಹಿಡಿದು ಅವರು ಅದೇ ಎರಡು ಅಕ್ಷರಗಳಿಗೆ ಬೇರೆ ಬೇರೆ ವಿಸ್ತರಣೆ ಕೊಟ್ಟರು: ಕೈಯಲ್ಲಿ ಕಾಸಿಲ್ಲ, ಸಾಲ ಹುಟ್ಟುವುದಿಲ್ಲ, ನಡತೆ ನೆಟ್ಟಗಿಲ್ಲ, ಮೈಮೇಲೆ ಬಟ್ಟೆಯಿಲ್ಲ ಎಂದೆಲ್ಲ. ಕೊನೆಗೆ ವಿಲಿಯಂ ಹೆನ್ರಿ ಹ್ಯಾರಿಸನ್ 234 ಚುನಾಯಕ ಮತ ಪಡೆದು ಗೆದ್ದ. ವ್ಯಾನ್ ಬ್ಯೂರೆನ್ನನಿಗೆ ಬಂದದ್ದು 60. ಗೆದ್ದ ಹ್ಯಾರಿಸನ್ ಅಧಿಕಾರ ಹಿಡಿದ ತಿಂಗಳಿಗೇ ತೀರಿಹೋದ. ಆದರೆ ಒಂದು ಇಡೀ ವರ್ಷ ಎರಡು ಪಕ್ಷಗಳೂ ಊರೂರಲ್ಲಿ ಕೂಗಿದ್ದರಿಂದ ಬಾಸ್ಟನ್ನಿನ ಪತ್ರಕರ್ತರ ಒಳಹಾಸ್ಯ ಅಮೆರಿಕದ ಹಳ್ಳಿ ಹಳ್ಳಿಗೂ ಮುಟ್ಟಿತ್ತು.

ಅದೇ ಚುನಾವಣೆಯ ಬಿಸಿಯಲ್ಲಿ ಹುಟ್ಟಿದ ಒಂದು ಸುಳ್ಳು, ನನ್ನ ಮಟ್ಟಿಗೆ, ಈ ಕತೆಯ ಅತ್ಯಂತ ಸ್ವಾರಸ್ಯದ ಭಾಗ. ವ್ಯಾನ್ ಬ್ಯೂರೆನ್ನನ ಹಿಂದಿನ ಅಧ್ಯಕ್ಷ ಆಂಡ್ರೂ ಜಾಕ್ಸನ್‌ಗೆ ಕಾಗುಣಿತ ಬರುವುದಿಲ್ಲ, ಕಡತ ಮಂಜೂರು ಮಾಡುವಾಗ ‘ಆಲ್ ಕರೆಕ್ಟ್’ ಎಂಬುದನ್ನು ತಪ್ಪಾಗಿ ಬರೆದು ಓ.ಕೆ. ಎಂದು ಗೀಚುತ್ತಿದ್ದ ಎಂದು ವಿರೋಧಿ ಪತ್ರಿಕೆಗಳು ಹಬ್ಬಿಸಿದವು. ಜಾಕ್ಸನ್ ಹಾಗೆ ಬರೆದದ್ದಕ್ಕೆ ಒಂದು ಕಾಗದವೂ ಇಲ್ಲ. ಹತ್ತೊಂಬತ್ತು ವರ್ಷಗಳ ನಂತರ, ಟೆನೆಸ್ಸಿಯ ಸಮ್ನರ್ ಕೌಂಟಿಯ ನ್ಯಾಯಾಲಯದ 1790ರ ಕಡತದಲ್ಲಿ ಜಾಕ್ಸನ್ ಹೆಸರಿನ ಜೊತೆ ಓ.ಕೆ. ಸಿಕ್ಕಿತು ಎಂದು ಒಬ್ಬ ಇತಿಹಾಸಕಾರ ಪ್ರಕಟಿಸಿದ. ಕಣ್ಣಿಟ್ಟು ನೋಡಿದಾಗ ಅದು ಓ.ಆರ್., ‘ದಾಖಲಿಸಲು ಆದೇಶಿಸಿದೆ’ ಎಂಬುದರ ಸಂಕ್ಷೇಪ. ಗುಮಾಸ್ತನ ಕೈಬರಹದಲ್ಲಿ ಆರ್ ಅಕ್ಷರ ಕೆ ಥರ ಕಂಡಿತ್ತು, ಅಷ್ಟೆ.

ಜನ ಮಾತ್ರ ಆ ಕತೆಯನ್ನು ನಂಬಿದರು. ದೇಶದ ಅಧ್ಯಕ್ಷನೇ ಕಾಗದದ ಮೇಲೆ ಓಕೆ ಬರೆಯುತ್ತಿದ್ದನಂತೆ ಎಂದಾದ ಮೇಲೆ ಅಂಗಡಿಯ ಲೆಕ್ಕಪತ್ರದ ಮೇಲೆ, ಸರಕಿನ ಪೆಟ್ಟಿಗೆಯ ಮೇಲೆ, ಕಚೇರಿಯ ಟಿಪ್ಪಣಿಯ ಮೇಲೆ ಬರೆಯಲು ಯಾರಿಗೆ ಅಳುಕು? ಓಕೆಯ ಬಗ್ಗೆ ಪುಸ್ತಕವನ್ನೇ ಬರೆದ ಅಲನ್ ಮೆಟ್‌ಕಾಫ್ ಈ ಅಂಶವನ್ನು ಒತ್ತಿ ಹೇಳುತ್ತಾರೆ: ತಮಾಷೆಯಾಗಿ ಉಳಿದಿದ್ದರೆ ಸಾಯಬಹುದಾಗಿದ್ದ ಪದಕ್ಕೆ ಈ ಸುಳ್ಳು ಒಂದು ಗಂಭೀರ ಉದ್ಯೋಗ ಕೊಡಿಸಿತು. 2010ರಲ್ಲಿ ಬಂದ ಅವರ ಪುಸ್ತಕದಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದ ವಾದ ಇದು.

ಆಮೇಲೆ ತಂತಿ ಬಂತು. ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತಂತಿ ಎಳೆದು ಮೊದಲ ಅಧಿಕೃತ ಸಂದೇಶ ಕಳಿಸಿದ್ದು 1844ರಲ್ಲಿ. ಸಂದೇಶ ಬಂತು, ಸರಿಯಾಗಿ ಬಂತು ಎಂದು ಆ ಕಡೆಯ ಆಪರೇಟರ್ ತಿಳಿಸಬೇಕಲ್ಲ? ಎರಡೇ ಅಕ್ಷರ, ಬೇರೆ ಯಾವ ಪದದ ಜೊತೆಗೂ ಗೊಂದಲವಿಲ್ಲ. ಒಂದೇ ಹಳಿಯ ಮೇಲೆ ಎದುರುಬದುರು ರೈಲು ಓಡಿಸುತ್ತಿದ್ದ ಕಾಲದಲ್ಲಿ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಹೋದ ಆದೇಶಕ್ಕೆ ಸರಿಯಾದ ಮರುಮಾತು ಬರುವುದು ಜೀವ ಉಳಿಸುವ ವಿಷಯ. ಆ ಕೈಗಳಲ್ಲಿ ಓಕೆ ನಗೆಯ ಬಣ್ಣವನ್ನು ಪೂರ್ತಿ ಕಳಚಿಕೊಂಡಿತು.

ಹೀಗೆ ಪದ ಬೆಳೆಯಿತು, ಹುಟ್ಟು ಮರೆತುಹೋಯಿತು. ಖಾಲಿ ಬಿದ್ದ ಜಾಗಕ್ಕೆ ಕತೆಗಳು ಬಂದು ಕೂತವು. ಓಬಡೈಯಾ ಕೆಲ್ಲಿ ಎಂಬ ರೈಲ್ವೆ ಏಜೆಂಟ್ ಸರಕಿನ ಚೀಟಿಗೆ ತನ್ನ ಮೊದಲಕ್ಷರ ಹಾಕುತ್ತಿದ್ದನಂತೆ. ಅಂತರ್ಯುದ್ಧದ ಸೈನಿಕರಿಗೆ ಬಿಸ್ಕತ್ತು ಒದಗಿಸಿದ ಆರಿನ್ ಕೆಂಡಲ್ ಎಂಬವನ ಹೆಸರಂತೆ. ಆ ಯುದ್ಧ ನಡೆದದ್ದು 1861ರಿಂದ ಎನ್ನುವುದೇ ಇದಕ್ಕೆ ಉತ್ತರ. ಹೈಟಿಯ ಬಂದರಿನಿಂದ ಬಂದ ರಮ್ಮಿನ ಹೊಗಳಿಕೆಯಂತೆ. ಗ್ರೀಕರಿಗೆ ಅದು ‘ಓಲಾ ಕಾಲಾ’, ಸ್ಕಾಟರಿಗೆ ‘ಆಖ್ ಐ’, ಫಿನ್ನರಿಗೆ ‘ಓಯ್ಕೆಯಾ’.

ಇವುಗಳ ಸಾಲಿಗೆ ಸೇರಿಸಿ ತಳ್ಳಿಹಾಕಲು ನನಗೆ ಮನಸ್ಸು ಬಾರದ ಎರಡು ವಾದಗಳಿವೆ. ಒಂದು ಚಾಕ್ಟಾ ಎಂಬ ಅಮೆರಿಕದ ಮೂಲನಿವಾಸಿಗಳ ಭಾಷೆಯದು. ‘ಅದು ಹಾಗೆಯೇ’ ಎಂದು ಖಚಿತವಾಗಿ ಹೇಳುವಾಗ ಆ ಭಾಷೆಯಲ್ಲಿ ‘ಓಕೆ’ಯನ್ನೇ ಹೋಲುವ ಪದವಿದೆ. ಅಧ್ಯಕ್ಷ ವುಡ್ರೋ ವಿಲ್ಸನ್ ಈ ವಾದವನ್ನು ನಂಬಿ, ಕಡತಗಳ ಮೇಲೆ ಆ ಭಾಷೆಯ ರೀತಿಯಲ್ಲೇ ನಾಲ್ಕು ಅಕ್ಷರ ಬಳಸಿ ಬರೆಯುತ್ತಿದ್ದ. ಇನ್ನೊಂದು ಪಶ್ಚಿಮ ಆಫ್ರಿಕಾದ ವೊಲೋಫ್ ಭಾಷೆಯದು. ಅಲ್ಲಿ ‘ವಾವ್ ಕೇ’ ಎಂದರೆ ಹೌದು, ಖಂಡಿತ ಎಂಬರ್ಥ. ಗುಲಾಮರಾಗಿ ಹಡಗೇರಿ ಬಂದವರ ಬಾಯಿಂದ ಅದು ಅಮೆರಿಕಕ್ಕೆ ಬಂದಿರಬಹುದು ಎಂದು ಭಾಷಾವಿದ್ವಾಂಸ ಡೇವಿಡ್ ಡಾಲ್ಬಿ ವಾದಿಸಿದರು. ನೆಲ ಕಳೆದುಕೊಂಡವರು, ಹೆಸರನ್ನೇ ಕಳೆದುಕೊಂಡವರು, ಜಗತ್ತು ದಿನವೂ ಆಡುವ ಒಂದು ಮಾತಿನಲ್ಲಿ ತಮ್ಮ ಪಾಲಿದೆ ಎಂದು ತಿಳಿಯಲು ಬಯಸಿದರೆ ಅದರಲ್ಲಿ ನ್ಯಾಯವಿದೆ. ಅಮೆರಿಕದ ಇಂಗ್ಲಿಷಿಗೆ ಅವರು ಕೊಟ್ಟದ್ದು ನಿಜಕ್ಕೂ ಬಹಳ. ಈ ಒಂದು ಪದದ ವಿಷಯದಲ್ಲಿ ಮಾತ್ರ, ಅವರ ನಾಲಗೆಯಿಂದ ಬಾಸ್ಟನ್ನಿನ ಪತ್ರಿಕೆಯವರೆಗೆ ನಡೆದುಬಂದ ಹೆಜ್ಜೆ ಗುರುತು ಸಿಕ್ಕಿಲ್ಲ. ಧ್ವನಿ ಹೋಲುತ್ತದೆ, ಅರ್ಥವೂ ಹೋಲುತ್ತದೆ. ವ್ಯುತ್ಪತ್ತಿಗೆ ಅಷ್ಟು ಸಾಲದು.

ಇದು ನಮಗೆ ದೂರದ ಪಾಠವಲ್ಲ. ಬೆಂಗಳೂರಿಗೆ ಆ ಹೆಸರು ಬಂದದ್ದು ಬೆಂದ ಕಾಳಿನಿಂದ, ಕಾಡಿನಲ್ಲಿ ದಾರಿ ತಪ್ಪಿದ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೇಯಿಸಿದ ಕಾಳು ಕೊಟ್ಟಿದ್ದರಿಂದ ಎಂದು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ವೀರಬಲ್ಲಾಳನ ಆಳ್ವಿಕೆ ಶುರುವಾದದ್ದು ಹನ್ನೆರಡನೇ ಶತಮಾನದ ಕೊನೆಯ ಭಾಗದಲ್ಲಿ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸಿಕ್ಕ, ಗಂಗರ ಕಾಲದ, ಸುಮಾರು 890ರ ವೀರಗಲ್ಲಿನ ಮೇಲೆ ‘ಬೆಂಗಳೂರು’ ಕಾಳಗದ ಮಾತು ಕಲ್ಲಲ್ಲಿ ಕೆತ್ತಿ ನಿಂತಿದೆ. ದೊರೆ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಊರಿಗೆ ಹೆಸರಿತ್ತು. ಅಜ್ಜಿಯ ಕತೆ ಚೆಲುವಾದದ್ದು, ಅದನ್ನು ಮಕ್ಕಳಿಗೆ ಹೇಳಲೇಬೇಕು. ಹೇಳುವಾಗ ಬೇಗೂರಿನ ಕಲ್ಲನ್ನೂ ತೋರಿಸಬೇಕು. ಪದದ ಹುಟ್ಟನ್ನು ಹುಡುಕುವವರು ಮೊದಲು ಕೇಳುವ ಪ್ರಶ್ನೆ ‘ಏಕೆ’ ಎಂದಲ್ಲ, ‘ಯಾವ ತಾರೀಖಿನಲ್ಲಿ’ ಎಂದು.

ಓಕೆಯ ವಿಷಯದಲ್ಲಿ ಈ ಪ್ರಶ್ನೆಯನ್ನು ಹಿಡಿದು ಕೂತವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲನ್ ವಾಕರ್ ರೀಡ್. 1941ರಲ್ಲಿ ಅವರು ಓಕೆಯನ್ನು 1840ರ ಚುನಾವಣೆಗೆ, ಓ.ಕೆ. ಕ್ಲಬ್ಬಿಗೆ ಕೊಂಡೊಯ್ದರು. ಅಲ್ಲಿಗೇ ನಿಲ್ಲಿಸಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಆದರೆ ಕ್ಲಬ್ಬಿಗೂ ಮೊದಲಿನ ಸುಳಿವುಗಳು ಕಂಡಾಗ ಅವರು ಹಳೆಯ ಪತ್ರಿಕೆಗಳ ಕಂತೆಗೆ ಮತ್ತೆ ಇಳಿದರು. 1963 ಮತ್ತು 64ರಲ್ಲಿ ‘ಅಮೆರಿಕನ್ ಸ್ಪೀಚ್’ ಎಂಬ ವಿದ್ವತ್ ಪತ್ರಿಕೆಯಲ್ಲಿ ಅವರ ಲೇಖನಮಾಲೆ ಬಂತು. 1839ರ ಆ ಶನಿವಾರದ ಟಿಪ್ಪಣಿ ಬೆಳಕಿಗೆ ಬಂದದ್ದು ಅದರಲ್ಲೇ.

ಅವರು ಮಾಡಿದ ಕೆಲಸದ ಬಗೆ ನೋಡಿ. ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ಹುಡುಕುವ ಕಾಲ ಅದಲ್ಲ. ಒಂದು ಪುಟವನ್ನು ಓದಬೇಕೆಂದರೆ ಜಾಹೀರಾತು, ಹಡಗಿನ ವೇಳಾಪಟ್ಟಿ, ಕಳೆದುಹೋದ ಹಸುವಿನ ಪ್ರಕಟಣೆ ಎಲ್ಲದರ ಮೇಲೂ ಕಣ್ಣು ಹಾಯಿಸಬೇಕು. ಓಕೆ ಸಿಕ್ಕರೆ ಸಾಕೆಂದು ಓದಿದ್ದರೆ ಅವರ ವಾದ ಅರೆಬರೆಯಾಗುತ್ತಿತ್ತು. ಓ.ಡಬ್ಲ್ಯು., ಕೆ.ಜಿ., ಕೆ.ವೈ.ಗಳನ್ನೂ ತಾರೀಖಿನ ಸಮೇತ ಒಂದೊಂದಾಗಿ ಎತ್ತಿಟ್ಟರು. ಅಣ್ಣತಮ್ಮಂದಿರೆಲ್ಲ ಒಂದೇ ಮನೆಯಲ್ಲಿ ಕಂಡ ಮೇಲೆ ಈ ಕೂಸು ಯಾರದೆಂಬ ಜಗಳಕ್ಕೆ ಎಡೆಯಿಲ್ಲ. ಚಾಕ್ಟಾ ವಾದಕ್ಕಾಗಲಿ ಗ್ರೀಕ್ ವಾದಕ್ಕಾಗಲಿ ಇಲ್ಲದ ಬಲ ಇದು. ನಮ್ಮಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗಾಗಿ ಶಾಸನ, ಕಾವ್ಯಗಳಿಂದ ಪದಕ್ಕೊಂದು ಪ್ರಯೋಗ ಎತ್ತಿ ಕಾರ್ಡಿನಲ್ಲಿ ಬರೆದಿಟ್ಟವರದ್ದೂ ಇದೇ ಜಾತಿಯ ಶ್ರಮ. ಇಂಥ ಕೆಲಸ ಮಾಡಿದವರ ಹೆಸರು ಪದ ಬಳಸುವವರಿಗೆ ಗೊತ್ತಿರುವುದಿಲ್ಲ. ಗೊತ್ತಿರಬೇಕು ಎಂಬುದೇ ನನ್ನ ಹಂಬಲ.

ಇಪ್ಪತ್ತನೇ ಶತಮಾನದಲ್ಲಿ ಓಕೆ ದೇಶ ದಾಟಿತು. ಹಾಲಿವುಡ್ಡಿನ ಮಾತಿನ ಚಿತ್ರಗಳು ಅದನ್ನು ಹೊತ್ತು ತಿರುಗಿದವು, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಕಾಲಿಟ್ಟಲ್ಲೆಲ್ಲ ಬಿಟ್ಟುಬಂದರು. ಓ, ಕ, ಏ ಎಂಬ ಧ್ವನಿಗಳು ಬಹುಪಾಲು ಭಾಷೆಗಳಲ್ಲಿ ಇರುವುದರಿಂದ ನಾಲಗೆ ತೊಡರಲಿಲ್ಲ. 1961ರ ಮೇ 5ರಂದು ಅಲನ್ ಶೆಪರ್ಡ್ ಅಂತರಿಕ್ಷಕ್ಕೆ ಹಾರಿದಾಗ ನಾಸಾದ ವಕ್ತಾರ ‘ಎ-ಓಕೆ’ ಎಂದದ್ದು ಮನೆಮಾತಾಯಿತು. 1980ರ ದಶಕದ ಆರಂಭದಲ್ಲಿ ಆಪಲ್ ಕಂಪನಿ ಲಿಸಾ ಕಂಪ್ಯೂಟರ್ ರೂಪಿಸುವಾಗ ಒಪ್ಪಿಗೆಯ ಗುಂಡಿಯ ಮೇಲೆ ‘ಡು ಇಟ್’, ಮಾಡು ಎಂದು ಬರೆದಿದ್ದರಂತೆ. ಪರೀಕ್ಷೆಗೆ ಕೂತವರೊಬ್ಬರು ಆ ಅಕ್ಷರಗಳನ್ನು ‘ಡೋಲ್ಟ್’ ಎಂದು ಓದಿಕೊಂಡು, ಯಂತ್ರ ತನ್ನನ್ನು ದಡ್ಡ ಎನ್ನುತ್ತಿದೆ ಎಂದು ಸಿಟ್ಟಾದರು. ಗುಂಡಿ ‘ಓಕೆ’ ಆಯಿತು. ಆ ತಂಡದಲ್ಲಿದ್ದವರೇ ಹೇಳಿರುವ ಮಾತಿದು.

ಹೆಬ್ಬೆರಳು ತೋರುಬೆರಳು ಸೇರಿಸಿ ಮಾಡುವ ಓಕೆ ಸನ್ನೆಗೆ ಪದದಷ್ಟು ಅದೃಷ್ಟವಿಲ್ಲ. ಬ್ರೆಜಿಲ್‌ನಲ್ಲಿ ಅದು ಅಸಭ್ಯ, ಜಪಾನಿನಲ್ಲಿ ದುಡ್ಡಿನ ಗುರುತು. ಸಮುದ್ರದಾಳಕ್ಕೆ ಇಳಿಯುವವರು ಮಾತ್ರ ನಿಷ್ಠೆಯಿಂದ ಅದನ್ನೇ ಬಳಸುತ್ತಾರೆ. ನೀರಿನೊಳಗೆ ಹೆಬ್ಬೆರಳು ಎತ್ತಿದರೆ ಮೇಲಕ್ಕೆ ಹೋಗೋಣ ಎಂದರ್ಥವಾದ್ದರಿಂದ ‘ಚೆನ್ನಾಗಿದ್ದೇನೆ’ ಎನ್ನಲು ಬೇರೆ ಸನ್ನೆ ಬೇಕಾಗುತ್ತದೆ.

ಇಷ್ಟು ದೂರ ಬಂದ ಪದ ಹೇಳುವುದಾದರೂ ಏನನ್ನು? ‘ಪಿಕ್ಚರ್ ಹೇಗಿತ್ತು?’ ಎಂದು ಕೇಳಿದರೆ ‘ಓಕೆ’ ಎಂಬ ಉತ್ತರ ಬಂತೆನ್ನಿ. ಟಿಕೆಟ್ ತೆಗೆಯುವ ಉತ್ಸಾಹ ಅಲ್ಲೇ ಇಳಿಯುತ್ತದೆ. ಮಗು ಜಾರಿಬಿದ್ದು ಎದ್ದಾಗ ‘ಓಕೆನಾ ಪುಟ್ಟಾ?’ ಎನ್ನುವ ಅಮ್ಮನಿಗೆ ಅದೇ ಪದ ಮರಳಿ ಬಂದರೆ ಜೀವ ಬಂದಂತಾಗುತ್ತದೆ. ರಕ್ತಪರೀಕ್ಷೆಯ ವರದಿ ಓಕೆ ಎಂದರೆ ನೆಮ್ಮದಿ, ಲೋನ್ ಓಕೆ ಆಯ್ತು ಎಂದರೆ ಸಿಹಿ ಹಂಚುವ ಸಂಗತಿ. ಸಿನಿಮಾ ಸೆಟ್ಟಿನಲ್ಲಿ ನಿರ್ದೇಶಕ ‘ಶಾಟ್ ಓಕೆ’ ಎಂದರೆ ಮುಂದಿನ ಶಾಟಿಗೆ ಲೈಟ್ ತಿರುಗುತ್ತದೆ. ಕೆಟ್ಟ ಟೇಕಿಗೆ ಎನ್.ಜಿ., ಅಂದರೆ ನೋ ಗುಡ್ ಎಂದು ಸಹಾಯಕ ಬರೆದುಕೊಳ್ಳುತ್ತಾನೆ. ಎಲ್ಲ ಕಡೆಯೂ ಇರುವುದು ಒಂದೇ: ಅಂಗೀಕಾರ. ಹೊಗಳಿಕೆಯನ್ನೋ ನಿರಾಸೆಯನ್ನೋ ನಿರಾಳವನ್ನೋ ಪ್ರಸಂಗ ತುಂಬುತ್ತದೆ, ಪದ ತುಂಬುವುದಿಲ್ಲ. ಯಾವ ಹಳೆಯ ಧಾತುವಿನ ಭಾರವೂ ಇಲ್ಲದೆ, ಬರಿಯ ಆಟವಾಗಿ ಹುಟ್ಟಿದ್ದರಿಂದಲೇ ಅದಕ್ಕೆ ಈ ಹಗುರ ಬಂದಿದೆ ಎಂದು ನನ್ನ ಎಣಿಕೆ.

ಕನ್ನಡದಲ್ಲಿ ಒಪ್ಪಿಗೆಯ ಮಾತಿಗೆ ಬರವಿಲ್ಲ. ಆದರೆ ಒಂದೊಂದಕ್ಕೂ ಒಂದು ತೂಕ, ಒಂದು ದಿಕ್ಕು. ‘ಸರಿ’ಯ ಬೆನ್ನಿಗೆ ತಪ್ಪು–ಸರಿಯ ತೀರ್ಪು ಅಂಟಿಕೊಂಡಿದೆ. ‘ಆಗಲಿ’ ಹೆಚ್ಚಾಗಿ ಮೇಲಿಂದ ಕೆಳಗೆ ಇಳಿಯುವ ಮಾತು, ಅಪ್ಪ ಮಗನಿಗೆ, ಯಜಮಾನ ಆಳಿಗೆ ಹೇಳುವುದು. ಅದನ್ನೇ ಮಗ ಅಪ್ಪನಿಗೆ ಹೇಳಿದರೆ ಮನೆಯಲ್ಲಿ ಹುಬ್ಬು ಏರುತ್ತದೆ. ‘ಆಯ್ತು ಸರ್’, ‘ಆಯ್ತಣ್ಣಾ’ ಕೆಳಗಿನಿಂದ ಮೇಲಕ್ಕೆ ಹೋಗುವುದು, ಇನ್ನೂ ಆಗದ ಕೆಲಸವನ್ನು ಆಗಿಯೇ ಹೋಯಿತು ಎನ್ನುವ ವಿನಯ ಅದರಲ್ಲಿದೆ. ಬಸ್ಸಿನ ಕಂಡಕ್ಟರ್ ಕೂಗುವ ‘ರೈಟ್, ರೈಟ್’ ಬ್ರಿಟಿಷರ ‘ಆಲ್ ರೈಟ್’ನ ವಂಶದ್ದು, ಅದಕ್ಕೆ ಬಸ್ಸು ಬಿಟ್ಟರೆ ಬೇರೆ ಊರಿಲ್ಲ. ಓಕೆ ಈ ಯಾವ ಮೆಟ್ಟಿಲಿಗೂ ಕಟ್ಟುಬೀಳದೆ ಎರಡು ದಿಕ್ಕಿಗೂ ಓಡಾಡುತ್ತದೆ. ಆಗು, ಮಾಡು ಎಂಬ ನಮ್ಮ ಕ್ರಿಯಾಪದಗಳನ್ನು ಜೊತೆಗೆ ಹಾಕಿಕೊಂಡು ‘ಓಕೆ ಆಯ್ತು’, ‘ಓಕೆ ಮಾಡಿಸ್ಕೊಂಡು ಬಾ’ ಎಂದು ಕನ್ನಡದ ವ್ಯಾಕರಣದೊಳಗೆ ಕೂತಿದೆ.

ಇನ್ನೊಂದು ಕೆಲಸವನ್ನೂ ಅದು ಮಾಡುತ್ತದೆ, ನಾವು ಗಮನಿಸುವುದು ಕಡಿಮೆ. 1973ರಲ್ಲಿ ಎಮ್ಯಾನ್ಯುಯೆಲ್ ಶೆಗ್ಲಾಫ್, ಹಾರ್ವಿ ಸ್ಯಾಕ್ಸ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಫೋನ್ ಮಾತುಕತೆ ಮುಗಿಯುವ ಬಗೆಯನ್ನು ಧ್ವನಿಮುದ್ರಿಕೆಗಳ ಮೂಲಕ ಅಧ್ಯಯನ ಮಾಡಿ ಪ್ರಕಟಿಸಿದರು. ಯಾರೂ ನೇರವಾಗಿ ವಿದಾಯಕ್ಕೆ ಹಾರುವುದಿಲ್ಲ. ಮೊದಲು ಒಬ್ಬರು ‘ಓಕೆ’ ಎನ್ನುತ್ತಾರೆ. ನನ್ನ ಕಡೆಯ ಮಾತು ಮುಗಿಯಿತು, ನಿಮ್ಮದೇನಾದರೂ ಉಳಿದಿದೆಯೇ ಎಂಬ ಕರೆ ಅದು. ಆ ಕಡೆಯವರು ಹೊಸ ವಿಷಯ ಎತ್ತಬಹುದು, ಇಲ್ಲವೇ ತಾವೂ ‘ಓಕೆ’ ಎನ್ನಬಹುದು. ಎರಡನೆಯ ಓಕೆ ಬಿದ್ದ ಮೇಲಷ್ಟೇ ಬೈ.

ಊರಲ್ಲಿರುವ ಅಮ್ಮನಿಗೆ ಮಗಳು ಮಾಡಿದ ಫೋನು ಮುಗಿಯುವುದನ್ನು ಕೇಳಿಸಿಕೊಳ್ಳಿ. ‘ಓಕೆ ಅಮ್ಮಾ, ಹಾಗಾದ್ರೆ...’ ಎನ್ನುತ್ತಾಳೆ ಮಗಳು. ‘ಹ್ಞೂಂ. ಅಲ್ವೇ, ನಿಮ್ಮತ್ತೆ ಕಾಲುನೋವು ಹೇಗಿದೆ?’ ಎನ್ನುತ್ತಾಳೆ ಅಮ್ಮ. ಮಾತು ಇನ್ನೊಂದು ಸುತ್ತು ಹೋಗುತ್ತದೆ. ಮತ್ತೆ ‘ಓಕೆ ಅಮ್ಮಾ’. ಈ ಸಲ ಉಪ್ಪಿನಕಾಯಿ ಕಳಿಸುವ ವಿಷಯ. ಮೂರನೆಯ ಓಕೆಗೆ ಅಮ್ಮನೂ ‘ಸರಿ, ಆಯ್ತು, ಊಟ ಮಾಡು’ ಎನ್ನುತ್ತಾಳೆ. ‘ಇಡ್ಲಾ?’ ‘ಇಡು.’ ಮಗಳ ಓಕೆಗಳಲ್ಲಿ ಒಂದಕ್ಕೂ ಮಾತು ಮುಗಿಯಿತು ಎಂಬ ನಿಘಂಟಿನ ಅರ್ಥವಿಲ್ಲ, ಆದರೂ ಪ್ರತಿ ಸಲವೂ ಅಮ್ಮನಿಗೆ ಅದು ಹಾಗೆಂದೇ ಅರ್ಥವಾಗಿದೆ. ಅದಕ್ಕೇ ಅವಳು ಎರಡು ಸಲ ಹೊಸ ಮಾತು ತೆಗೆದದ್ದು.